ತಾಂಡೇಲರು ಮಾರದ ಡಬ್ಬಿ

ಅವರ ಎಡಗೈಯ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ನುಣುಪಾದ, ಸ್ವಲ್ಪ ಹೊಳೆಯುವ ಚರ್ಮವಿತ್ತು. ಆ ಹೆಬ್ಬೆರಳಿನಿಂದಲೇ ಅವರು ಸೋಡಾ ಬಾಟಲಿಯ ಗೋಲಿ ಒತ್ತುತ್ತಿದ್ದರು, ಹಿಂಡಿದ ಲಿಂಬೆಯ ಬೀಜ ತೆಗೆಯುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಕಸಿವಿಸಿಯಾಗಿ ಶರಬತ್ತನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೆ. ಅವರು ಅದನ್ನು ಗಮನಿಸಿದ್ದರು. ಮರುದಿನದಿಂದ ನನಗೆ ಲೋಟ ಕೊಡುವಾಗ ಮಾತ್ರ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಹಾಗೆ ಮಾಡಬೇಡಿ ಎಂದು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಹೇಳಬೇಕಾದ್ದನ್ನು ತಡಮಾಡುವುದು ನನ್ನ ಹಳೆಯ ಚಾಳಿ.

ಕಾಪುವಿನಲ್ಲಿ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ಒಂದು ರಸ್ತೆಯಲ್ಲಿ ನನ್ನ ಮನೆ. ಮುಂದಿನ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಶನ್ ನಡೆಸುತ್ತೇನೆ. ರಸ್ತೆಯ ಆಚೆ, ನನ್ನ ಗೇಟಿಗೆ ಸರಿಯಾಗಿ ಎದುರಿಗೆ ಅವರ ಅಂಗಡಿ. ಅಂಗಡಿ ಎಂದರೆ ಏನು ಮಹಾ, ಒಂದು ಬಾಗಿಲಿನ ಕೋಣೆ, ಹೊರಗೆ ಒಂದು ಬೆಂಚು. ಚಕ್ಕುಲಿ, ಪೆನ್ನು, ಬಿಸ್ಕತ್ತು, ಸೋಡಾ, ಪುನರ್ಪುಳಿ ಶರಬತ್ತು. ಮೊದಲು ಅವರು ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳಲ್ಲಿ ತಾಂಡೇಲರಾಗಿದ್ದರು. ಬೋಟು ಎತ್ತ ಹೋಗಬೇಕು, ಬಲೆ ಎಲ್ಲಿ ಬಿಡಬೇಕು, ಯಾರು ದುಡಿಯಬೇಕು, ಯಾರು ಮಲಗಬೇಕು ಎಂದು ಹೇಳುವವನು ತಾಂಡೇಲ. ಕಡಲು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ರಸ್ತೆಗೆಲ್ಲ ಅವರು ತಾಂಡೇಲರೇ. ಅವರ ಮನೆಮಾತು ತುಳು. ನಾನು ಹೆಬ್ರಿಯ ಕಡೆಯವಳು. ತುಳು ಅರ್ಥವಾಗುತ್ತದೆ, ಮಾತಾಡಲು ಹೊರಟರೆ ಮಕ್ಕಳು ನಗುತ್ತಾರೆ. ಹಾಗಾಗಿ ನನ್ನೊಡನೆ ಅವರು ಕನ್ನಡವನ್ನೇ, ಅದೂ ಪ್ರತಿ ಅಕ್ಷರವನ್ನೂ ಜೋಪಾನವಾಗಿ ಆಡುತ್ತಿದ್ದರು.

"ಎಂತ ಟೀಚರ್, ಇವತ್ತು ಬೈಗುಳವೇ ಕೇಳಲಿಲ್ಲ? ಮಕ್ಕಳು ಬರಲಿಲ್ವಾ, ನಿಮಗೆ ಹುಷಾರಿಲ್ವಾ?" ಎಂದು ರಸ್ತೆಯ ಆಚೆಯಿಂದ ಕೂಗುತ್ತಿದ್ದರು. ನನ್ನ ಬಾಯಿ ದೊಡ್ಡದು ಎಂಬುದನ್ನು ನನ್ನ ಗಂಡನೂ ಅಷ್ಟು ನಯವಾಗಿ ಹೇಳಿದ್ದಿಲ್ಲ.

ನಾಲ್ಕೈದು ವರ್ಷಗಳ ಹಿಂದೆ ನಮ್ಮ ರಸ್ತೆಗೆ ಎನರ್ಜಿ ಡ್ರಿಂಕ್ ಬಂತು. ಮೊದಲು ಮಣಿಪಾಲದ ಹಾಸ್ಟೆಲು ಹುಡುಗರ ಕೈಯಲ್ಲಿ ಮಾತ್ರ ಕಾಣುತ್ತಿದ್ದ ಉದ್ದನೆಯ ಡಬ್ಬಿ, ಬೆಲೆ ಇಳಿದ ಮೇಲೆ ಹೈಸ್ಕೂಲಿನ ಮಕ್ಕಳ ಕೈಗೂ ಬಂತು. ಸಾಲಿನ ಅಂಗಡಿಗಳೆಲ್ಲ ಅದನ್ನು ತರಿಸಿದವು. ತಾಂಡೇಲರ ಅಂಗಡಿಗೂ ವ್ಯಾನಿನವನು ಬಂದು ಗಾಜಿನ ಬಾಗಿಲಿನ ಫ್ರಿಜ್ ಒಂದನ್ನು ಪುಕ್ಕಟೆಯಾಗಿ ಇಟ್ಟು, ಎರಡು ಬಾಕ್ಸ್ ಡಬ್ಬಿ ಇಳಿಸಿ ಹೋದ. ಅವರು ಊಟಕ್ಕೆ ಹೋಗಿದ್ದ ಹೊತ್ತು ಅದು. ಬಂದು ನೋಡಿದವರೇ ಒಂದು ಡಬ್ಬಿಯನ್ನು ಹಿಡಿದುಕೊಂಡು ನೇರವಾಗಿ ನನ್ನ ಗೇಟಿಗೆ ಬಂದರು.

"ಟೀಚರ್, ಇದರಲ್ಲಿ ಸಣ್ಣ ಅಕ್ಷರದಲ್ಲಿ ಎಂತ ಬರೆದಿದ್ದಾರೆ? ಸ್ವಲ್ಪ ಓದಿ ಹೇಳಿ. ನನಗೆ ಇಂಗ್ಲಿಷ್ ಬರುವುದಿಲ್ಲ, ಕನ್ನಡಕವೂ ಸಾಲುವುದಿಲ್ಲ."

ನಾನು ಓದಿದೆ. ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ತಕ್ಕುದಲ್ಲ ಎಂದು ಇರುವೆ ಗಾತ್ರದ ಅಕ್ಷರಗಳಲ್ಲಿತ್ತು. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕುಡಿಯಬಾರದೆಂದೂ ಇತ್ತು. ನಾನು ಹೇಳಿದ್ದನ್ನು ಅವರು ಬಿಸ್ಕತ್ತಿನ ರಟ್ಟಿನ ಮೇಲೆ ಬರೆದುಕೊಂಡರು. "ತಕ್ಕುದಲ್ಲ ಬೇಡ ಟೀಚರ್, ಯಾರಿಗೂ ಅರ್ಥ ಆಗುವುದಿಲ್ಲ," ಎಂದು ತಾವೇ ತಿದ್ದಿದರು. ಸಂಜೆಯ ಹೊತ್ತಿಗೆ ಅಂಗಡಿಯ ಮುಂದೆ ಬೋರ್ಡು ನೇತಾಡುತ್ತಿತ್ತು: 'ಇದು ಮಕ್ಕಳಿಗೆ ಅಲ್ಲ ಎಂದು ಡಬ್ಬಿಯ ಮೇಲೆಯೇ ಬರೆದಿದೆ. ಶಾಲೆ, ಕಾಲೇಜಿನ ಮಕ್ಕಳಿಗೆ ಕೊಡುವುದಿಲ್ಲ. ಕೇಳಿ ಬೈಸಿಕೊಳ್ಳಬೇಡಿ.'

ಮುಂದಿನ ವಾರ ಬಂದ ವ್ಯಾನಿನವನು ಜಗಳ ತೆಗೆದ. ಫ್ರಿಜ್ ಇರಬೇಕಾದರೆ ಡಬ್ಬಿ ಓಡಬೇಕು, ಡಬ್ಬಿ ಓಡದಿದ್ದರೆ ಫ್ರಿಜ್ ವಾಪಸು. "ಕೊಂಡುಹೋಗು ಮಾರಾಯ, ಕಟ್ಟಿಹಾಕಿದವರು ಯಾರು?" ಎಂದು ತಾಂಡೇಲರೇ ಒಂದು ಬದಿ ಹಿಡಿದು ಫ್ರಿಜ್ಜನ್ನು ವ್ಯಾನಿಗೆ ಏರಿಸಿದರು. ಆಮೇಲೆ ಮಲ್ಪೆಯಿಂದ ಬೋಟಿನ ಹಳೆಯ ಐಸ್ ಪೆಟ್ಟಿಗೆಯೊಂದನ್ನು ತಂದರು. ಉಪ್ಪು, ಲಿಂಬೆಸಿಪ್ಪೆ ಹಾಕಿ ಮೂರು ದಿನ ತಿಕ್ಕಿದರು. ಅದರಲ್ಲಿ ಐಸ್ ತುಂಬಿಸಿ ಮಜ್ಜಿಗೆ, ಸೋಡಾ, ಪುನರ್ಪುಳಿ ಇಟ್ಟರು. ನನ್ನ ವಿದ್ಯಾರ್ಥಿಗಳು ಮೂಗು ಮುಚ್ಚಿಕೊಂಡು, "ಅಂಕಲ್, ಬಂಗುಡೆ ಫ್ಲೇವರ್ ಸೋಡಾ ಉಂಟಾ?" ಎಂದು ಕೇಳುತ್ತಿದ್ದರು. "ಅದು ನಿನ್ನಂಥ ದೊಡ್ಡವರಿಗೆ ಮಾತ್ರ," ಎನ್ನುತ್ತಿದ್ದರು ಅವರು.

ಅವರಲ್ಲಿ ಇನ್ನೊಂದು ಪದ್ಧತಿ ಇತ್ತು. ಬೋಟಿನಿಂದಲೇ ತಂದದ್ದು. ಯಾವ ಹುಡುಗನಾದರೂ ಬಂದು ಡಬ್ಬಿ ಕೇಳಿದರೆ, ಬೋರ್ಡು ತೋರಿಸುವ ಮೊದಲು "ಕೈ ಚಾಚು" ಎನ್ನುತ್ತಿದ್ದರು. ಹುಡುಗ ಎರಡೂ ಕೈ ಮುಂದೆ ಚಾಚಬೇಕು, ಬೆರಳು ಬಿಡಿಸಬೇಕು. ಇವರು ಕನ್ನಡಕ ಏರಿಸಿ ಬೆರಳ ತುದಿಗಳನ್ನೇ ನೋಡುತ್ತಿದ್ದರು. ಬೆರಳು ನಡುಗಿದರೆ ಮುಗಿಯಿತು. "ಎಷ್ಟು ಗಂಟೆ ಮಲಗಿದ್ದಿ? ಬೆಳಿಗ್ಗೆ ಎಂತ ತಿಂದದ್ದು? ಇಂಥ ಕೈಯವನಿಗೆ ನಾನು ಬೋಟಿನ ಸ್ಟೇರಿಂಗ್ ಕೊಡ್ತಿರಲಿಲ್ಲ. ನಿನಗೆ ಪೆನ್ನು ಯಾರು ಕೊಟ್ಟದ್ದು ಮಾರಾಯ?" ಎಂದು ಗದರಿಸಿ, ಬೆಂಚಿನ ಮೇಲೆ ಕೂರಿಸಿ, ಮಜ್ಜಿಗೆ ಕುಡಿಸಿ ಕಳಿಸುತ್ತಿದ್ದರು. ಮಕ್ಕಳಿಗೆ ಅದೊಂದು ಆಟ. ಒಳಗಿನಿಂದ ಕೇಳುತ್ತಿದ್ದ ನನಗೆ ಮಾತ್ರ ಸಿಟ್ಟು ಬರುತ್ತಿತ್ತು, ಪಾಠಕ್ಕೆ ಐದು ನಿಮಿಷ ತಡವಾಯಿತಲ್ಲ ಎಂದು.

ರಸ್ತೆಯ ಉಳಿದ ಅಂಗಡಿಯವರನ್ನೂ ಒಪ್ಪಿಸಬೇಕೆಂದು ಅವರಿಗೆ ಹಟ. ಒಬ್ಬೊಬ್ಬರ ಬಳಿಗೂ ಹೋಗಿ ಕರೆದು, ಒಂದು ಭಾನುವಾರ ಬೆಳಿಗ್ಗೆ ಒಂದು ಸಣ್ಣ ಸಭಾಂಗಣದಲ್ಲಿ ಹದಿನೈದು ಜನರನ್ನು ಸೇರಿಸಿದರು. ಡಬ್ಬಿಯ ಮೇಲಿನ ಅಕ್ಷರ ಓದಿ ಹೇಳಲು ನನ್ನನ್ನೂ ಕರೆದರು. ನಾನು ಓದಿದೆ. ತಾಂಡೇಲರು ಎದ್ದು ನಿಂತು, "ಹದಿನೆಂಟು ತುಂಬದವರಿಗೆ ಇದನ್ನು ಕೊಡುವುದು ಬೇಡ ಅಂತ ನಾವು ನಾವೇ ಮಾತಾಡಿಕೊಳ್ಳುವ," ಎಂದರು. ಅಷ್ಟೇ ಅವರ ಭಾಷಣ.

"ಬೀಡಿಗೆ ಕಾನೂನು ಉಂಟು. ಇದಕ್ಕೆ ಎಲ್ಲುಂಟು?" ಎಂದರು ಒಬ್ಬರು.

"ನಾನು ಕೊಡದಿದ್ರೆ ಆಚೆಯವ ಕೊಡ್ತಾನೆ. ಆಚೆಯವ ಕೊಡದಿದ್ರೆ ಫೋನಿನಲ್ಲಿ ಒತ್ತಿದ್ರೆ ಮನೆಗೇ ಬರ್ತದೆ. ನಾವು ಮಾತ್ರ ಯಾಕೆ ಉಪವಾಸ ಕೂರುವುದು?" ಎಂದರು ಇನ್ನೊಬ್ಬರು.

"ಚಾದಲ್ಲಿ ಇರುವುದೂ ಅದೇ ಕೆಫೀನ್ ಅಲ್ವಾ? ಹಾಗಾದ್ರೆ ಚಾವೂ ನಿಲ್ಲಿಸುವುದಾ?" ಎಂದು ಹೋಟೆಲಿನವರು ಕೇಳಿದಾಗ ಎಲ್ಲರೂ ನಕ್ಕರು. ಕೊನೆಗೆ ಯಾರೋ, "ಟೀಚರೇ ಹೇಳಲಿ. ಅವರು ಓದಿದವರು," ಎಂದರು.

ಎಲ್ಲರೂ ನನ್ನತ್ತ ನೋಡಿದರು. ತಾಂಡೇಲರೂ ನೋಡಿದರು, ಈಗ ಸರಿಹೋಗುತ್ತದೆ ಎಂಬ ನಂಬಿಕೆಯಿಂದ. ನಾನು ಗಂಟಲು ಸರಿಪಡಿಸಿಕೊಂಡು, ಕಾನೂನು ಇಲ್ಲದಿರುವಾಗ ಅಂಗಡಿಯವರನ್ನು ಒತ್ತಾಯಿಸಲಾಗುವುದಿಲ್ಲ, ಇದು ಹೆತ್ತವರು ನೋಡಿಕೊಳ್ಳಬೇಕಾದ ವಿಷಯ, ಎಂದೆ. ಬಹಳ ಸಮತೂಕದ ಮಾತು ಎಂದು ನನಗೇ ಮೆಚ್ಚುಗೆಯಾಯಿತು. ಸಭೆ ಚಪ್ಪಾಳೆ ತಟ್ಟಿ ಎದ್ದಿತು.

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಅವರು ನಿಂತರು. ಆಮೇಲೆ ಹೇಳಿದರು: "ನೀವು ಹೇಳಿದ್ದು ತಪ್ಪಲ್ಲ ಟೀಚರ್. ಆದ್ರೆ ತಾಯಿ ಮೀನು ಮಾರಲಿಕ್ಕೆ ಹೋಗಿರ್ತಾಳೆ. ಅಪ್ಪ ಬೋಟಿನಲ್ಲಿರ್ತಾನೆ. ಮಗು ನಮ್ಮ ಎದುರಿಗೆ ನಿಂತಿರ್ತದೆ. ಆ ಹೊತ್ತಿಗೆ ನೋಡಿಕೊಳ್ಳುವುದು ಯಾರು?"

ಸಭೆಯಲ್ಲಿ ನಾನು ಹಾಗೆ ಹೇಳಿದ್ದಕ್ಕೆ ಕಾನೂನಿಗಿಂತ ಹತ್ತಿರದ ಕಾರಣವೊಂದಿತ್ತು. ಅದೇ ಹೊತ್ತಿನಲ್ಲಿ ನನ್ನ ಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಹಿಂದೆ, ನಾಲ್ಕು ಡಬ್ಬಿಗಳಿದ್ದವು. ಬೆಳಗಿನ ಐದೂವರೆಯ ಬ್ಯಾಚು, ಸಂಜೆಯ ಎರಡು ಬ್ಯಾಚು, ನಡುವೆ ಮನೆಗೆಲಸ. ಅವಿಲ್ಲದೆ ನನ್ನ ದಿನ ಏಳುತ್ತಿರಲಿಲ್ಲ. ಊರಿನ ಅಂಗಡಿಯಲ್ಲಿ ಕೊಂಡರೆ ಸುದ್ದಿಯಾಗುತ್ತದೆಂದು ಉಡುಪಿಯ ಬನ್ನಂಜೆಗೆ ಹೋದಾಗ ಅಲ್ಲಿಂದ ತರುತ್ತಿದ್ದೆ. ಖಾಲಿ ಡಬ್ಬಿಗಳನ್ನು ಪೇಪರಿನಲ್ಲಿ ಸುತ್ತಿ ಒಣಕಸದ ಚೀಲಕ್ಕೆ ಹಾಕಿ ಗೇಟಿನ ಬಳಿ ಇಡುತ್ತಿದ್ದೆ. ಎದುರಿಗೆ ಕೂತ ಮನುಷ್ಯನ ಕಣ್ಣು ಎಂಥದ್ದೆಂದು ನನಗೆ ಆಗ ಗೊತ್ತಿರಲಿಲ್ಲ. ಒಂದು ದಿನ ಕಸದ ಗಾಡಿ ಹೋದ ಮೇಲೆ ಅವರು ಮೆಲ್ಲನೆ, "ಅದು ನಿಮಗೂ ಒಳ್ಳೆಯದಲ್ಲ ಟೀಚರ್," ಎಂದರು. ನಾನು ಕೇಳಿಸದವಳಂತೆ ಒಳಗೆ ಬಂದೆ.

ಹೆಬ್ಬೆರಳಿನ ಕಥೆ ಅವರು ಹೇಳಿದ್ದು ಒಂದೇ ಸಲ. ಪರೀಕ್ಷೆಯ ರಜೆಯಲ್ಲಿ ರಸ್ತೆ ಖಾಲಿಯಿದ್ದ ಒಂದು ಮಧ್ಯಾಹ್ನ, ನಾನು ಬೆಂಚಿನ ಮೇಲೆ ಕೂತು ಸೋಡಾ ಕುಡಿಯುತ್ತಿದ್ದೆ. ಇಷ್ಟೊಂದು ಹಟ ಯಾಕೆ, ವ್ಯಾಪಾರ ಹಾಳಾಗುತ್ತಿದೆಯಲ್ಲ ಎಂದೆ. ಅವರು ಎಡಗೈಯನ್ನು ಮೇಜಿನ ಮೇಲೆ ಇಟ್ಟರು.

"ಈ ಡಬ್ಬಿಯನ್ನು ಬೋಟಿಗೆ ಮೊದಲು ಹತ್ತಿಸಿದ್ದು ನಾನೇ ಟೀಚರ್. ಪೇಟೆಯಲ್ಲಿ ಯಾರೋ ಹೇಳಿದ್ರು, ಕುಡಿದ್ರೆ ನಿದ್ದೆ ಬರುವುದಿಲ್ಲ ಅಂತ. ಒಂದು ಬಾಕ್ಸ್ ತೆಗೊಂಡೆ. ಆರನೇ ದಿನ ಮೀನು ಸಿಕ್ಕಿತು. ಹಾಗೆ ಮೀನು ನೋಡಿ ಎಷ್ಟೋ ವರ್ಷ ಆಗಿತ್ತು. ಬಲೆ ಎಳೆದದ್ದೇ ಎಳೆದದ್ದು. ಯಾರನ್ನೂ ಮಲಗಲಿಕ್ಕೆ ಬಿಡ್ಲಿಲ್ಲ. ಒಬ್ಬ ಹುಡುಗ ಇದ್ದ, ಹತ್ತೊಂಬತ್ತು ವರ್ಷ. ಕೈ ನಡುಗ್ತದೆ ತಾಂಡೇಲರೇ ಅಂದ. ಕೈ ನಡುಗುವವನನ್ನು ಮಲಗಿಸಬೇಕು, ಅದು ಕ್ರಮ. ನಾನು ಇನ್ನೊಂದು ಡಬ್ಬಿ ಕೊಟ್ಟೆ. ಇನ್ನು ಒಂದೇ ಬಲೆ ಮಾರಾಯ ಅಂದೆ."

ಬೆಳಗಿನ ಹತ್ತು ಗಂಟೆ, ಕಣ್ಣು ಕುಕ್ಕುವ ಬಿಸಿಲು. ಬಲೆಯೊಂದಿಗೆ ಬಿಚ್ಚಿಕೊಳ್ಳುತ್ತಿದ್ದ ಹಗ್ಗ ಹುಡುಗನ ಕಾಲಿಗೆ ಸಿಕ್ಕಿ ಅವನನ್ನು ನೀರಿಗೆ ಎಳೆಯಿತು. ತಾಂಡೇಲರು ಓಡುವ ಹಗ್ಗವನ್ನು ಬರಿಗೈಯಲ್ಲಿ ಹಿಡಿದರು. ಉಗುರು ಹೋದದ್ದು ಆಗ. ಹುಡುಗ ಸಿಕ್ಕಿದ್ದು ಮರುದಿನ.

"ಎಲ್ಲರೂ ಹೇಳಿದ್ರು, ಕಾಲು ಜಾರಿತು ಅಂದರೆ ಸಾಕು ಅಂತ. ನಾನು ಅವನ ತಾಯಿಯ ಹತ್ರ ಹೋಗಿ ಹೇಳಿದೆ. ಅವನಿಗೆ ನಿದ್ದೆ ಬಂದಿತ್ತು, ನಾನೇ ಕುಡಿಸಿ ನಿಲ್ಲಿಸಿದ್ದು ಅಂತ. ಹೊಡಿತಾಳೆ ಅಂದುಕೊಂಡಿದ್ದೆ. ಅವಳು ಒಂದೇ ಕೇಳಿದ್ದು. ಮಗ ಹೊಟ್ಟೆಗೆ ತಿಂದಿದ್ನಾ ಅಂತ."

ಅವನು ತಿಂದಿದ್ದನೇ ಎಂದು ನಾನು ಕೇಳಲಿಲ್ಲ. ಅವರು ಎದ್ದು ಐಸ್ ಪೆಟ್ಟಿಗೆಯ ನೀರು ಬಸಿಯಲು ಹೋದರು.

ಇಷ್ಟೆಲ್ಲ ಕೇಳಿದ ಮೇಲೂ ನಾನು ಮಾಡಿದ್ದು ಏನೆಂದು ಈಗ ಹೇಳಬೇಕು.

ನನ್ನ ಬಳಿ ಒಬ್ಬಳು ಹುಡುಗಿ ಓದುತ್ತಿದ್ದಳು. ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ಅಂಥ ತಲೆಯನ್ನು ಕಂಡಿರಲಿಲ್ಲ. ತಂದೆ ಇರಲಿಲ್ಲ. ತಾಯಿ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಮಲ್ಪೆಯಿಂದ ಟೆಂಪೊ ಬರುವ ಮೊದಲು ಎದ್ದು, ಬುಟ್ಟಿ ಇಳಿಸಿ, ಐಸ್ ಹಾಕಿ, ಸ್ನಾನ ಮಾಡಿ ಅವಳು ನನ್ನ ಬೆಳಗಿನ ಬ್ಯಾಚಿಗೆ ಬರುತ್ತಿದ್ದಳು. ಮೆಡಿಕಲ್ ಸೀಟು ಸಿಗುವುದಾದರೆ ಇವಳಿಗೇ ಎಂದು ನಾನು ತೀರ್ಮಾನಿಸಿದ್ದೆ. ಅವಳನ್ನು ಒಬ್ಬಳನ್ನೇ ಮಧ್ಯಾಹ್ನ ಕೂರಿಸಿಕೊಂಡು ಹೆಚ್ಚಿನ ಪಾಠ ಮಾಡುತ್ತಿದ್ದೆ, ಫೀಸು ತೆಗೆದುಕೊಳ್ಳದೆ. ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಸೀಟು ಸಿಕ್ಕರೆ ನನ್ನ ಹೆಸರು ಉಡುಪಿಯವರೆಗೆ ಹೋಗುತ್ತದೆ ಎಂಬ ಆಸೆಯೂ ಇತ್ತು. ಯಾವುದು ಎಷ್ಟು ಪಾಲು ಎಂದು ನನಗೆ ಇವತ್ತಿಗೂ ಬಿಡಿಸಲಾಗುವುದಿಲ್ಲ.

ಒಂದು ದಿನ ಲೆಕ್ಕದ ನಡುವೆಯೇ ಅವಳ ಕಣ್ಣು ಎಳೆಯಿತು. ನಾನು ಒಳಗೆ ಹೋಗಿ ಮೊಸರಿನ ಪಾತ್ರೆಯ ಹಿಂದಿನಿಂದ ಒಂದು ಡಬ್ಬಿ ತಂದು ಕೊಟ್ಟೆ. "ಕುಡಿ, ಎಚ್ಚರ ಬರುತ್ತದೆ. ಬೇರೆ ಮಕ್ಕಳಿಗೆ ಹೇಳಬೇಡ, ಎಲ್ಲರೂ ಕೇಳುತ್ತಾರೆ," ಎಂದೆ. ಅವಳು ಕುಡಿದಳು. ಲೆಕ್ಕ ಸರಿಯಾಗಿ ಮಾಡಿದಳು. ಆಮೇಲೆ ಅದು ರೂಢಿಯಾಯಿತು. ಸುಮಾರು ಎರಡು ತಿಂಗಳು. ಮಕ್ಕಳಿಗೆ ಅಲ್ಲ ಎಂಬ ಸಾಲನ್ನು ಕನ್ನಡಕ್ಕೆ ತಂದುಕೊಟ್ಟವಳೇ ನಾನು, ನೆನಪಿರಲಿ.

ಪ್ರವೇಶ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಶನಿವಾರ ಮಧ್ಯಾಹ್ನ, ಸೆಕೆ. ಮೂರು ಗಂಟೆ ಅವಧಿಯ ಮಾದರಿ ಪರೀಕ್ಷೆಗೆ ಮೊದಲು ಒಂದು ಡಬ್ಬಿ ಕೊಟ್ಟಿದ್ದೆ. ಮುಗಿದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಎರಡು ಲೆಕ್ಕ ತಪ್ಪಿದ್ದವು. ನಾನು ಗೇಟಿನವರೆಗೂ ಬಂದು ಇನ್ನೊಂದು ಡಬ್ಬಿಯನ್ನು ಅವಳ ಕೈಗಿಟ್ಟು, "ಮನೆಗೆ ಹೋಗಿ ಮಲಗಬೇಡ. ಅವೆರಡನ್ನೂ ಮತ್ತೆ ಮಾಡು," ಎಂದೆ. ಅವಳು ಅದನ್ನು ಅಲ್ಲಿಯೇ ತೆರೆದು ಕುಡಿಯುತ್ತ ರಸ್ತೆ ದಾಟಿದಳು. ಎದುರಿನ ಬೆಂಚಿನವರೆಗೆ ಹೋದವಳು ಒಂದು ಕೈಯಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಡಬ್ಬಿ ಉರುಳಿಕೊಂಡು ತಾಂಡೇಲರ ಅಂಗಡಿಯ ಮೆಟ್ಟಿಲಿಗೆ ಬಡಿದು ನಿಂತಿತು.

ಅವರು ಅವಳನ್ನು ಎತ್ತಿಕೊಂಡು ಆಟೊದತ್ತ ಓಡಿದರು. ಅಂಗಡಿಯ ಬಾಗಿಲು ತೆರೆದೇ ಇತ್ತು. ಜನ ಸೇರಿದರು. ಮೆಟ್ಟಿಲ ಮೇಲಿನ ಡಬ್ಬಿಯನ್ನು ಯಾರೋ ಫೋಟೊ ತೆಗೆದರು. ಸಂಜೆಯೊಳಗೆ ಆ ಫೋಟೊ ಎಲ್ಲರ ಮೊಬೈಲಿನಲ್ಲಿತ್ತು, ಹಿಂದೆ ತೂಗುವ ಬೋರ್ಡಿನ ಸಮೇತ.

ಮರುದಿನ ಬೆಳಿಗ್ಗೆ ಹುಡುಗಿಯ ಸೋದರಮಾವ ಆರೇಳು ಜನರೊಂದಿಗೆ ಬಂದ. "ಮುಂದಿನಿಂದ ಬೋರ್ಡು, ಹಿಂದಿನಿಂದ ವ್ಯಾಪಾರವಾ?" ಎಂದು ಕಿರುಚಿದ. ಬೋರ್ಡು ಹರಿದರು. ಸೋಡಾ ಬಾಟಲಿಗಳನ್ನು ರಸ್ತೆಗೆ ಎಸೆದರು. ಐಸ್ ಪೆಟ್ಟಿಗೆಯನ್ನು ಮಗುಚಿ ಹಾಕಿದರು. ಅದರಿಂದ ಮಜ್ಜಿಗೆಯ ಬಾಟಲಿಗಳಲ್ಲದೆ ಬೇರೇನೂ ಬೀಳಲಿಲ್ಲ. ಅದನ್ನು ನೋಡಿಯಾದರೂ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ತಾಂಡೇಲರು ಒಂದೇ ಮಾತು ಹೇಳುತ್ತಿದ್ದರು: "ನನ್ನಲ್ಲಿ ಇಲ್ಲ. ಒಳಗೆ ಬಂದು ನೋಡಿ." ಯಾರೋ ಅವರ ಕೊರಳಪಟ್ಟಿ ಹಿಡಿದರು. ಆಗ ಅವರು ತಲೆಯೆತ್ತಿ ನನ್ನ ಕಿಟಕಿಯ ಕಡೆಗೆ ಒಮ್ಮೆ ನೋಡಿದರು.

ನಾನು ಪರದೆಯ ಹಿಂದೆ ಇದ್ದೆ. ನನ್ನ ಬೆನ್ನ ಹಿಂದೆ ಇಪ್ಪತ್ತು ಮಕ್ಕಳು ಕೂತಿದ್ದರು. "ಟೀಚರ್, ಎಂತ ಗಲಾಟೆ?" ಎಂದು ಒಬ್ಬ ಕೇಳಿದ. "ನಿನ್ನ ಲೆಕ್ಕ ನೀನು ಮಾಡು," ಎಂದೆ.

ಆಸ್ಪತ್ರೆಗೆ ಹೋಗಿ ಹುಡುಗಿಯನ್ನು ನೋಡಿದೆ. ಹುಟ್ಟಿದಾಗಿನಿಂದಲೂ ಅವಳ ಎದೆಬಡಿತದಲ್ಲಿ ಒಂದು ದೋಷವಿತ್ತಂತೆ, ಯಾರಿಗೂ ತಿಳಿದಿರಲಿಲ್ಲವಂತೆ. ಅಂಥವರು ಆ ಡಬ್ಬಿ ಮುಟ್ಟಲೇಬಾರದು ಎಂದಿದ್ದರು ಡಾಕ್ಟರರು. ಜೀವಕ್ಕೆ ಅಪಾಯವಿಲ್ಲ, ಆದರೆ ಪರೀಕ್ಷೆಯ ಮಾತು ಈಗ ಬೇಡ. ತಾಯಿ ನೀರು ತರಲು ಹೊರಗೆ ಹೋದಾಗ ಅವಳು ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು, "ನಾನು ಹೇಳಲಿಲ್ಲ ಟೀಚರ್. ಅಂಗಡಿಯಿಂದ ಅಂತ ಮಾತ್ರ ಹೇಳಿದೆ. ಯಾವ ಅಂಗಡಿ ಅಂತ ಹೇಳಲೇ ಇಲ್ಲ." ಮಾತು ಉಳಿಸಿಕೊಂಡ ಹೆಮ್ಮೆ ಅವಳ ಕಣ್ಣಲ್ಲಿತ್ತು. ತಾಯಿ ಒಳಗೆ ಬಂದು, ಇಷ್ಟು ದೂರ ಬಂದಿರಲ್ಲ ಎಂದು ನನಗೆ ಕೈ ಮುಗಿದರು. ನಾನೂ ಮುಗಿದೆ.

ಮೂರನೇ ದಿನ ತಾಂಡೇಲರ ಬಳಿಗೆ ಹೋದೆ. ಅವರು ಒಡೆದ ಗಾಜು ಗುಡಿಸಿ ಮುಗಿಸಿ, ಬೆಂಚಿನ ಕಾಲಿಗೆ ಮೊಳೆ ಹೊಡೆಯುತ್ತಿದ್ದರು. ಅವರಿಗೆ ಗೊತ್ತಿದೆಯೆಂದು ನನಗೆ ಗೊತ್ತಿತ್ತು. ನನ್ನ ಗೇಟಿನಲ್ಲಿ ಕೈಯಿಂದ ಕೈಗೆ ಡಬ್ಬಿ ಹೋದದ್ದನ್ನು ಅವರು ಕೂತಲ್ಲಿಂದ ನೋಡದಿರಲು ಸಾಧ್ಯವಿರಲಿಲ್ಲ.

"ತಾಂಡೇಲರೇ, ನಾನು..." ಎಂದೆ.

ಅವರು ಮೊಳೆಯನ್ನು ಬಾಯಿಯಿಂದ ತೆಗೆದರು. "ಹೇಳಬೇಡಿ ಅಂತ ನಾನು ಹೇಳುವುದಿಲ್ಲ ಟೀಚರ್. ಹೇಳಿ ಅಂತಲೂ ಹೇಳುವುದಿಲ್ಲ. ಮಗು ಹೇಗುಂಟು?"

ಹುಷಾರಾಗುತ್ತಿದ್ದಾಳೆ ಎಂದೆ. "ಅಷ್ಟಾದರೆ ಸಾಕು," ಎಂದು ಮತ್ತೆ ಮೊಳೆ ಹೊಡೆಯತೊಡಗಿದರು. ಅವರು ನನ್ನನ್ನು ಬಿಟ್ಟುಬಿಟ್ಟರು ಎಂದು ತಿಳಿದು ನಾನು ಹಗುರಾಗಿ ಮನೆಗೆ ಬಂದೆ. ಪರೀಕ್ಷೆಗಳು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಪರೀಕ್ಷೆ ಮುಗಿದ ಮೇಲೆ ಫಲಿತಾಂಶ ಬರಲಿ ಎಂದುಕೊಂಡೆ. ಫಲಿತಾಂಶ ಬಂತು, ನನ್ನ ಇಬ್ಬರು ವಿದ್ಯಾರ್ಥಿಗಳಿಗೆ ಸೀಟು ಸಿಕ್ಕಿತು. ಅವರ ಹೆತ್ತವರು ನನ್ನ ಭಾವಚಿತ್ರ ಹಾಕಿ ಗೇಟಿಗೆ ದೊಡ್ಡ ಫ್ಲೆಕ್ಸ್ ಕಟ್ಟಿಸಿದರು. ಮಳೆಗಾಲವಿಡೀ ಅದು ತಾಂಡೇಲರ ಅಂಗಡಿಯ ಕಡೆಗೆ ಮುಖ ಮಾಡಿಕೊಂಡಿತ್ತು.

ಅವರ ಅಂಗಡಿಗೆ ಮಕ್ಕಳು ಬರುವುದು ನಿಂತಿತು. ಮಕ್ಕಳನ್ನು ಅತ್ತ ಕಳಿಸಬೇಡಿ ಎಂದು ಹೆತ್ತವರ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ನಾನೂ ಓದಿದ್ದೆ. ಆ ಗುಂಪಿನ ಅಡ್ಮಿನ್ ನಾನೇ. ವಿಚಿತ್ರವೆಂದರೆ, ಆ ಗಲಾಟೆಯಾದ ಮೇಲೂ ಉಳಿದ ಅಂಗಡಿಯವರು ಡಬ್ಬಿ ಮಾರುತ್ತಲೇ ಇದ್ದರು. ಕೊಟ್ಟವನೊಬ್ಬ ಸಿಕ್ಕಿಬಿದ್ದನಲ್ಲ, ಇನ್ನು ತಮ್ಮದೇನೂ ಇಲ್ಲ ಎಂಬಂತೆ. ತಾಂಡೇಲರು ಮಾತ್ರ ಹರಿದ ರಟ್ಟಿನ ಬದಲಿಗೆ ಇನ್ನೊಂದು ರಟ್ಟಿನಲ್ಲಿ ಅದನ್ನೇ ಬರೆದು ಮತ್ತೆ ತೂಗುಹಾಕಿದರು. ದಾರಿಹೋಕರು ಅದನ್ನು ಓದಿ ನಗುತ್ತಿದ್ದರು.

ಆ ಹುಡುಗಿ ಮತ್ತೆ ಪುಸ್ತಕ ಹಿಡಿಯಲಿಲ್ಲ. ಲೆಕ್ಕಕ್ಕೆ ಕೂತರೆ ಎದೆ ಬಡಿದುಕೊಳ್ಳುತ್ತದೆ ಎನ್ನುತ್ತಾಳಂತೆ. ದೋಷದಿಂದಲೋ ಹೆದರಿಕೆಯಿಂದಲೋ ಯಾರಿಗೂ ಗೊತ್ತಿಲ್ಲ. ಈಗ ಕಾರ್ಕಳದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ. ಒಮ್ಮೆ ಅಲ್ಲಿಗೆ ಹೋದಾಗ ನನ್ನನ್ನು ಕಂಡು ಓಡಿಬಂದು, ಹತ್ತು ಸೀರೆ ಬಿಡಿಸಿ ತೋರಿಸಿದಳು. ಬೇಡವಾಗಿದ್ದರೂ ಒಂದು ಕೊಂಡೆ. ಉಟ್ಟಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ತಾಂಡೇಲರು ಜ್ವರವೆಂದು ಮಲಗಿದರು. ಐದಾರು ದಿನಗಳಲ್ಲಿ ತೀರಿಕೊಂಡರು. ಮಲ್ಪೆಯಿಂದ ಹಳೆಯ ಬೋಟಿನವರು ಬಂದಿದ್ದರು. ನಮ್ಮ ರಸ್ತೆಯವರು ಹೆಚ್ಚು ಜನ ಬರಲಿಲ್ಲ. ಬಂದವರಲ್ಲೊಬ್ಬರು ನನ್ನ ಪಕ್ಕದಲ್ಲೇ ನಿಂತು, "ಒಳ್ಳೆಯ ಮನುಷ್ಯ. ಕೊನೆಗಾಲದಲ್ಲಿ ಅದೊಂದು ಮಾಡಿಕೊಂಡರು ನೋಡಿ, ಪಾಪ," ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಕ್ಲಾಸಿನಲ್ಲಿ ಮೂರು ಮನೆ ಆಚೆಗೆ ಕೇಳಿಸುವ ಬಾಯಿ ನನ್ನದು.

ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾವಡಿಯಲ್ಲಿ ಕೂತು, ಯಾರಿಗೋ ಕೊಡಲೆಂದು ಅವರ ಅಂಗಿಗಳನ್ನು ಮಡಚುತ್ತಿದ್ದರು. ನಾನು ಕೂರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಡಬ್ಬಿ ನನ್ನ ಮನೆಯದು, ಎರಡು ತಿಂಗಳು ನಾನೇ ಕುಡಿಸಿದ್ದು, ಆ ದಿನವೂ ನಾನೇ ಕೊಟ್ಟದ್ದು. ಹೇಳಿ ಅತ್ತೆ.

ಅವರು ಮಡಚುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು ಟೀಚರ್. ಆ ದಿನವೇ ಹೇಳಿದ್ರು," ಎಂದರು.

"ಮತ್ತೆ ನೀವು ಯಾಕೆ ಯಾರಿಗೂ ಹೇಳಲಿಲ್ಲ? ಅಷ್ಟೆಲ್ಲ ಬೈಸಿಕೊಂಡಿರಲ್ಲ."

"ನಾನು ಹೊರಟಿದ್ದೆ. ಅವರು ಬಿಡ್ಲಿಲ್ಲ. ನಾವು ಹೇಳಿದ್ರೆ ಅದು ದೂರು ಆಗ್ತದೆ, ಟೀಚರ್ ಹೇಳಿದ್ರೆ ಅವರಿಗೆ ಒಂದು ದಿನವಾದ್ರೂ ನಿದ್ದೆ ಬರ್ತದೆ ಅಂದ್ರು. ನಿಮ್ಮ ಕ್ಲಾಸು ಬಿಡುವ ಹೊತ್ತಿಗೆ, ವ್ಯಾಪಾರ ಇಲ್ಲದಿದ್ರೂ ಹೋಗಿ ಅಂಗಡಿಯಲ್ಲಿ ಕೂತ್ಕೊಳ್ತಿದ್ರು. ಜ್ವರ ಬಂದ ಮೇಲೂ ಎರಡು ದಿನ ಹೋದ್ರು. ಮಳೆಯಲ್ಲಿ ಬೇಡ ಅಂದೆ ನಾನು. 'ಇವತ್ತು ಟೀಚರ್ ಬಂದಾರು' ಅಂತ ಹೇಳಿ ಹೋದ್ರು."

ನನ್ನ ಗೇಟಿನಿಂದ ಆ ಬೆಂಚಿಗೆ ಇಪ್ಪತ್ತು ಹೆಜ್ಜೆ. ಐದು ತಿಂಗಳು ಒಬ್ಬ ಮನುಷ್ಯ ನನಗಾಗಿ ಅಲ್ಲಿ ಕಾದಿದ್ದರು; ನಾನು ಗೇಟು ಹಾಕಿಕೊಂಡಿದ್ದೆ.

ಹುಡುಗಿಯ ತಾಯಿ ಈಗಲೂ ಪೇಟೆಯಲ್ಲಿ ಮೀನು ಮಾರುತ್ತಾರೆ. ನನ್ನನ್ನು ಕಂಡರೆ ತೂಕಕ್ಕಿಂತ ಎರಡು ಬಂಗುಡೆ ಹೆಚ್ಚಿಗೆ ಹಾಕುತ್ತಾರೆ, ಮಗಳಿಗೆ ಫೀಸಿಲ್ಲದೆ ಪಾಠ ಹೇಳಿದವಳೆಂದು. ಅವರಿಗೆ ನಾನು ಇನ್ನೂ ಹೇಳಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ ಹೋಗಿ ಹೇಳಬೇಕು ಎಂದುಕೊಂಡಿದ್ದೇನೆ. ಹೀಗೆ ಎಂದುಕೊಳ್ಳುವುದು ನನಗೆ ಹೊಸದಲ್ಲ.